ಮೇಣ ಮೆತ್ತಗಿದೆ ಅಂತ ಸದರ ಬೇಡ

ಪ್ರೀತಿಯ ಪುಟ್ಟಿ,

ಕಲಬುರಗಿಯ ಡೆಂಟಲ್ ಲ್ಯಾಬಿನಲ್ಲಿ ನಿನಗೆ ಒಂದು ತಿಂಗಳು ಮುಗಿಯಿತು ಅಂತ ನಿನ್ನಪ್ಪ ಫೋನಿನಲ್ಲಿ ಹೇಳಿದ. "ಅವಳಿಗೇನು, ದಿನವಿಡೀ ಮೇಣದ ಜೊತೆ ಆಟ" ಅಂತ ನಕ್ಕ. ನನಗೆ ನಗು ಬರಲಿಲ್ಲ. 32 ವರ್ಷ ಡೆಂಟಲ್ ಮೆಕ್ಯಾನಿಕ್ ಆಗಿ, ಕಟ್ಟುಹಲ್ಲಿಗೆ ಮೊದಲು ಮೇಣದಲ್ಲಿ ಅಚ್ಚು ಮಾಡುತ್ತಾ, ಅದೇ ಆಟ ಆಡಿದವನು ನಾನು. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ಬಿಳಿ ಕಲೆ ಇದೆಯಲ್ಲ, ಚಿಕ್ಕವಳಿದ್ದಾಗ "ದೊಡ್ಡಪ್ಪ, ಹಲ್ಲಿ ಕಚ್ಚಿದ್ದಾ?" ಅಂತ ಕೇಳುತ್ತಿದ್ದೆ. ಹಲ್ಲಿ ಅಲ್ಲ ಮಾರಾಯ್ತಿ, ಸ್ಟಿಕ್ಕಿ ವ್ಯಾಕ್ಸ್ ಅನ್ನುವ ಅಂಟುಮೇಣ.

ಲ್ಯಾಬಿನಲ್ಲಿ ಆಸಿಡ್ ಕಂಡರೆ ಎಲ್ಲರೂ ಹೆದರುತ್ತಾರೆ. ಗ್ರೈಂಡಿಂಗ್ ಚಕ್ರಕ್ಕೂ ಹೆದರುತ್ತಾರೆ. ಮೇಣಕ್ಕೆ ಯಾರೂ ಹೆದರುವುದಿಲ್ಲ. ಗುಲಾಬಿ ಬಣ್ಣ, ಮೆತ್ತಗೆ, ಮಕ್ಕಳ ಮಿಠಾಯಿ ಥರ ಕಾಣುತ್ತದೆ ನೋಡು. ನಮ್ಮ ಕಸುಬಿನಲ್ಲಿ ನಾನು ಕಂಡ ಸುಟ್ಟ ಗಾಯಗಳಲ್ಲಿ ಜಾಸ್ತಿ ಪಾಲು ಅದರದ್ದೇ.

ಸ್ಟಿಕ್ಕಿ ವ್ಯಾಕ್ಸಿನಲ್ಲಿ ಜೇನುಮೇಣದ ಜೊತೆ ರಾಳ ಇರುತ್ತದೆ. ಅದಕ್ಕೇ ಆ ಅಂಟು. ಬಿಸಿ ನೀರು ಕೈಗೆ ಬಿದ್ದರೆ ಜಾರಿ ಹೋಗುತ್ತದೆ, ಇದು ಹಾಗಲ್ಲ, ಕಚ್ಚಿಕೊಂಡು ಕೂತು ಒಳಗೊಳಗೇ ಸುಡುತ್ತಾ ಇರುತ್ತದೆ. ಅವತ್ತು ನಾನು ಮಾಡಿದ ದಡ್ಡತನ ಏನೆಂದರೆ, ಬಿದ್ದ ತಕ್ಷಣ ಉಗುರಿನಲ್ಲಿ ಕಿತ್ತೆ. ಮೇಣದ ಜೊತೆ ಚರ್ಮವೂ ಬಂತು. ನಿನಗೆ ಹಾಗಾದರೆ ಕೀಳಬೇಡ. ಮೇಣ ಇದ್ದ ಹಾಗೇ ಕೈಯನ್ನು ನಲ್ಲಿ ಕೆಳಗೆ ಹಿಡಿ, ಹರಿಯುವ ತಣ್ಣೀರಿನಲ್ಲಿ, 20 ನಿಮಿಷ. ಗಡಿಯಾರ ನೋಡಿಕೊಂಡೇ 20 ನಿಮಿಷ, ಎರಡು ನಿಮಿಷಕ್ಕೆ "ಸಾಕು ಬಿಡಿ, ಹುಷಾರಾಯ್ತು" ಅನ್ನುವವರ ಮಾತು ಕೇಳಬೇಡ. ಬಳೆ, ಉಂಗುರ ಇದ್ದರೆ ಊತ ಬರುವ ಮೊದಲೇ ತೆಗೆದುಬಿಡು. ತಣ್ಣಗಾದ ಮೇಲೆ ಮೇಣ ತಾನಾಗಿ ಬಿಟ್ಟರೆ ಸರಿ, ಬಿಡದಿದ್ದರೆ ಡಾಕ್ಟರ್ ತೆಗೆಯಲಿ. ಟೂತ್‌ಪೇಸ್ಟ್, ಇಂಕು, ತುಪ್ಪ ಏನೂ ಬೇಡ. ಹಲ್ಲಿನ ಲ್ಯಾಬಿನಲ್ಲೇ ಕೂತು ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿಕೊಳ್ಳುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಬೆಂಕಿಯ ವಿಷಯ. ಇದನ್ನು ನಿಧಾನವಾಗಿ ಓದು.

ನಾನು ಹೊಸದಾಗಿ ಸೇರಿದ್ದ ಲ್ಯಾಬಿನಲ್ಲಿ ಉಳಿದ ಮೇಣದ ಚೂರುಗಳನ್ನೆಲ್ಲ ಸ್ಟೀಲ್ ಬೋಗುಣಿಗೆ ಹಾಕಿ ನೇರವಾಗಿ ಗ್ಯಾಸ್ ಒಲೆಯ ಮೇಲೆ ಇಟ್ಟು ಕರಗಿಸುವ ರೂಢಿ ಇತ್ತು. ಒಂದು ಮಧ್ಯಾಹ್ನ ಇಟ್ಟವನು ಊಟಕ್ಕೆ ಹೋದ. ಮೊದಲು ತೆಳ್ಳಗೆ ಬಿಳಿ ಹೊಗೆ ಬಂತು, ಯಾರೂ ಲೆಕ್ಕಕ್ಕೆ ಇಡಲಿಲ್ಲ. ಆಮೇಲೆ ಬೋಗುಣಿಯ ಮೇಲೆ ಧಗ್ ಅಂತ ಬೆಂಕಿ. ಪಕ್ಕದಲ್ಲಿದ್ದ ಹುಡುಗ ಗಾಬರಿಯಲ್ಲಿ ಒಂದು ಮಗ್ ನೀರು ಎರಚಿದ. ನೀರು ಮೇಣಕ್ಕಿಂತ ಭಾರ, ತಳಕ್ಕೆ ಇಳಿಯುತ್ತದೆ. ಇಳಿದ ಕ್ಷಣಕ್ಕೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಿಗ್ಗುವಾಗ ಮೇಲಿರುವ ಉರಿಯುವ ಮೇಣವನ್ನೆಲ್ಲ ಎತ್ತಿ ಚೆಲ್ಲುತ್ತದೆ. ಬೆಂಕಿ ಚಾವಣಿ ಮುಟ್ಟಿತು. ಹುಡುಗನ ಹುಬ್ಬು, ಮುಂಗೂದಲು ಹೋಯಿತು, ಕಣ್ಣು ಉಳಿಯಿತು. ಕನ್ನಡಕ ಹಾಕಿದ್ದ, ಅಷ್ಟೇ ಪುಣ್ಯ.

ಮೇಣಕ್ಕೆ ಬೆಂಕಿ ಹೊತ್ತಿದರೆ ಒಲೆ ಆರಿಸಬೇಕು, ಮುಚ್ಚಳ ಮುಚ್ಚಬೇಕು, ದೂರ ನಿಲ್ಲಬೇಕು. ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಓಡುವುದೂ ಬೇಡ. ಮುಚ್ಚಳವನ್ನು ಬೇಗ ತೆಗೆದು ನೋಡುವುದೂ ಬೇಡ, ಗಾಳಿ ಸಿಕ್ಕರೆ ಮತ್ತೆ ಹೊತ್ತುತ್ತದೆ. ಅಳತೆಗೆ ಸರಿಯಾದ ಮುಚ್ಚಳ ಪಾತ್ರೆಯ ಪಕ್ಕದಲ್ಲೇ ಇರಬೇಕು, ಪಾತ್ರೆ ಒಂದು ಕಡೆ ಮುಚ್ಚಳ ಮೇಲಿನ ಶೆಲ್ಫಿನಲ್ಲಿ ಅಂದರೆ ಆಗುವುದಿಲ್ಲ. ಒಂದು ಬಕೆಟ್ ಒಣ ಮರಳೂ ಇರಲಿ.

ಅದಕ್ಕಿಂತ ಒಳ್ಳೆಯದು ಹೊತ್ತದ ಹಾಗೆ ನೋಡಿಕೊಳ್ಳುವುದು, ಅಲ್ವಾ? ನೇರ ಉರಿಯ ಮೇಲೆ ಮೇಣ ಇಡಲೇಬೇಡ. ಕುದಿಯುವ ನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆ ಇಡು. ನೀರು ಎಷ್ಟೇ ಕುದಿದರೂ 100 ಡಿಗ್ರಿ ದಾಟುವುದಿಲ್ಲ. ನಮ್ಮ ಮಾಡೆಲಿಂಗ್ ವ್ಯಾಕ್ಸ್, ಅದೇ ಗುಲಾಬಿ ಹಾಳೆಯ ಮೇಣ, ಮುಕ್ಕಾಲು ಪಾಲು ಪ್ಯಾರಫಿನ್, ಅದು 70ರ ಒಳಗೇ ಕರಗುತ್ತದೆ. ಗಟ್ಟಿ ಬರಲಿ ಅಂತ ಸೇರಿಸುವ ಕಾರ್ನೌಬಾ ಮೇಣ ಕೂಡ 90ರ ಆಸುಪಾಸಿನಲ್ಲಿ ಕರಗುತ್ತದೆ. ಹೊತ್ತಿಕೊಳ್ಳಲು ಸುಮಾರು 200 ಡಿಗ್ರಿ ಬೇಕು. ಅಂದಮೇಲೆ ನೀರಿನೊಳಗಿನ ಮೇಣ ಅಲ್ಲಿಗೆ ತಲುಪುವುದೇ ಇಲ್ಲ, ತಳದಲ್ಲಿ ನೀರು ಬತ್ತದಂತೆ ನೋಡಿಕೊಂಡರೆ ಸಾಕು. ಕರೆಂಟಿನ ವ್ಯಾಕ್ಸ್ ಪಾಟ್ ಇದ್ದರೆ ಇನ್ನೂ ಒಳ್ಳೆಯದು. ಮೇಣ ಹೊಗೆಯಾಡಿತು ಅಂದರೆ ಅದಾಗಲೇ ಮಿತಿ ಮೀರಿದೆ ಅಂತ ಲೆಕ್ಕ.

ಸ್ಪಿರಿಟ್ ಲ್ಯಾಂಪ್ ಬಗ್ಗೆ ಒಂದು ಮಾತು. ಹಗಲಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ ಅನ್ನಬಹುದು. ಆರಿದೆ ಅಂದುಕೊಂಡು ಬಾಟಲಿ ಬಗ್ಗಿಸಿ ಸ್ಪಿರಿಟ್ ತುಂಬಲು ಹೋದರೆ ಬೆಂಕಿ ಬಾಟಲಿಯೊಳಗೇ ನುಗ್ಗುತ್ತದೆ. ಟೋಪಿ ಮುಚ್ಚಿ, ಗಾಜು ಪೂರ್ತಿ ತಣ್ಣಗಾದ ಮೇಲೆ ತುಂಬು. ಅಕ್ರಿಲಿಕ್‌ನ ಮಾನೋಮರ್ (ಪುಡಿಗೆ ಕಲಸುವ ದ್ರವ) ಬಾಟಲಿ ಆ ಮೇಜಿನ ಮೇಲೆ ಇರಲೇಬಾರದು. ಅದರ ಆವಿ 10 ಡಿಗ್ರಿಗೇ ಬೆಂಕಿ ಹಿಡಿಯುವಂಥದ್ದು, ನಿಮ್ಮ ಊರಿನಲ್ಲಿ 10 ಡಿಗ್ರಿ ಯಾವ ಕಾಲಕ್ಕೆ ಇರುತ್ತದೆ ಹೇಳು? ಮತ್ತೆ ನಿನ್ನ ದುಪಟ್ಟ. ಸಿಂಥೆಟಿಕ್ ದುಪಟ್ಟ ಹಾಕಿಕೊಂಡು ಜ್ವಾಲೆಯ ಮುಂದೆ ಬಗ್ಗಬೇಡ. ಕೂದಲು ಕಟ್ಟು, ಹತ್ತಿ ಏಪ್ರನ್ ಹಾಕು. ಅಮ್ಮ ಹೇಳಿದ ಹಾಗೆ ಹೇಳುತ್ತಿದ್ದೇನೆ ಅನಿಸಿದರೆ ಅನಿಸಲಿ.

ಹೊಗೆಯೂ ಸುಮ್ನೆ ಅಲ್ಲ. ಅತಿಯಾಗಿ ಕಾದ ಮೇಣದಿಂದ ಕಣ್ಣು, ಗಂಟಲು ಉರಿಸುವ ಅಕ್ರೋಲಿನ್‌ನಂಥ ಅನಿಲ ಬರುತ್ತದೆ. ಸ್ಟಿಕ್ಕಿ ವ್ಯಾಕ್ಸಿನ ರಾಳದ ಹೊಗೆ ಕೆಲವರಿಗೆ ಉಬ್ಬಸ ತರಿಸುತ್ತದೆ. ನಿನಗೆ ಚಿಕ್ಕಂದಿನಲ್ಲಿ ವೀಸಿಂಗ್ ಇತ್ತು, ಮರೆತಿಲ್ಲ ತಾನೇ? ಮೇಣ ಸುಟ್ಟು ಹಾಕುವ ಫರ್ನೇಸ್ 700 ಡಿಗ್ರಿ ಮುಟ್ಟುವಾಗ ಎಕ್ಸಾಸ್ಟ್ ಫ್ಯಾನ್ ಓಡಲೇಬೇಕು. ಕರೆಂಟ್ ಬಿಲ್ ಅಂತ ಓನರ್ ಮುಖ ಸಿಂಡರಿಸಿದರೂ ನೀನು ಸ್ವಿಚ್ ಹಾಕು.

ಫರ್ನೇಸ್ ಅಂದಾಗ ನೆನಪಾಯಿತು. ಮೇಣದ ಅಚ್ಚು ಸುಟ್ಟು ಆ ಜಾಗಕ್ಕೆ ಲೋಹ ಹೊಯ್ಯುವ ವಿದ್ಯೆಯನ್ನು ದಂತವೈದ್ಯಕ್ಕೆ ಪಳಗಿಸಿ ಕೊಟ್ಟವನು ಅಮೆರಿಕದ ವಿಲಿಯಂ ಟ್ಯಾಗರ್ಟ್, 1907ರಲ್ಲಿ. ಆದರೆ ನಿಮ್ಮ ಪಕ್ಕದ ಬಸವಕಲ್ಯಾಣ ರಾಜಧಾನಿಯಾಗಿದ್ದಾಗ, 12ನೇ ಶತಮಾನದಲ್ಲಿ, ಚಾಲುಕ್ಯರ ಮೂರನೇ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಇದೇ ಕ್ರಮವನ್ನು ಮೂರ್ತಿಗಳಿಗಾಗಿ ಬರೆದಿಟ್ಟಿದ್ದ. ಮೊದಲು ಮೇಣ ತೂಗು, ಆ ತೂಕದ ಇಷ್ಟು ಪಟ್ಟು ಲೋಹ ತೆಗೆದುಕೋ ಅಂತ. ನೀನು ಕ್ರೌನಿನ, ಅಂದರೆ ಹಲ್ಲಿಗೆ ಹಾಕುವ ಟೋಪಿಯ, ಮೇಣ ತೂಗಿ ಲೋಹ ಲೆಕ್ಕ ಹಾಕುವುದೂ ಅದೇ ಅಲ್ವಾ!

ಈಗ ದಾಸ್ತಾನು. ಕಲಬುರಗಿಯ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಅಟ್ಟದಲ್ಲಿ ಮೇಣದ ಪೆಟ್ಟಿಗೆ ಇಟ್ಟರೆ ಹಾಳೆಗಳೆಲ್ಲ ಒಂದೇ ಇಟ್ಟಿಗೆ ಆಗುತ್ತವೆ. ತಂಪಾದ, ಬಿಸಿಲು ಬೀಳದ ಕೆಳಗಿನ ಕಪಾಟು ನೋಡು. ಒಲೆ, ಫರ್ನೇಸ್‌ನಿಂದ ದೂರ ಇರಲಿ. ಹಾಳೆಗಳನ್ನು ಅಡ್ಡ ಮಲಗಿಸು, ನಡುವಿನ ಕಾಗದ ಬಿಸಾಡಬೇಡ. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಪ್ಲಾಸ್ಟರ್ ಧೂಳು ಕೂತು ಕೆಲಸ ಕೆಡುತ್ತದೆ. ಹಳೆಯದು ಮೊದಲು ಖರ್ಚಾಗಲಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ತೆಗೆದ ಕೂಡಲೇ ಬಗ್ಗಿಸಬೇಡ, ಪಟ್ಟನೆ ಮುರಿಯುತ್ತದೆ.

ಫ್ರಿಜ್ ಅಂದರೆ ಊಟದ ಡಬ್ಬಿ ಇಡುವ ಫ್ರಿಜ್ ಅಲ್ಲ ಮತ್ತೆ. ಕ್ಲಿನಿಕ್ಕಿನಿಂದ ಬರುವ ಬೈಟ್ ವ್ಯಾಕ್ಸ್, ಅಂದರೆ ರೋಗಿ ಕಚ್ಚಿದ ಗುರುತು ಇರುವ ಮೇಣ, ಯಾರದೋ ಬಾಯಲ್ಲಿ ಇದ್ದು ಬಂದದ್ದು, ಅದರ ಪಕ್ಕದಲ್ಲಿ ನಿನ್ನ ಜೋಳದ ರೊಟ್ಟಿ ಇರುವುದು ಬೇಡ. ಗ್ಲೌಸ್ ಹಾಕಿಯೇ ಮುಟ್ಟು, ತಣ್ಣೀರಿನಲ್ಲಿ ತೊಳೆ, ಅಯೊಡೋಫೋರ್ ಅನ್ನುವ ಅಯೊಡಿನ್ ಕ್ರಿಮಿನಾಶಕ ಸ್ಪ್ರೇ ಹೊಡೆದು, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಮತ್ತೆ ತೊಳೆ. ಬಿಸಿನೀರು ತಾಗಿದರೆ ಆಕಾರ ಹೋಯಿತು.

ಡಿವ್ಯಾಕ್ಸಿಂಗ್ ಮಾಡಿದ, ಅಂದರೆ ಅಚ್ಚಿನೊಳಗಿನ ಮೇಣ ಕರಗಿಸಿ ತೆಗೆದ, ಬಿಸಿನೀರನ್ನು ಸಿಂಕಿಗೆ ಸುರಿಯಬೇಡ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೇಣ ಮೇಲೆ ರೊಟ್ಟಿಯಂತೆ ಗಟ್ಟಿಯಾಗಿರುತ್ತದೆ, ಎತ್ತಿ ತೆಗೆ. ನಾವು ಸುರಿದಿದ್ದೆವು. ಮೇಣ, ಪ್ಲಾಸ್ಟರ್ ಎರಡೂ ಪೈಪಿನಲ್ಲಿ ಸೇರಿ ಕಲ್ಲಾಗಿ, ಕೊನೆಗೆ ಗೋಡೆ ಒಡೆಸಬೇಕಾಯಿತು.

ಮುಂದಿನ ತಿಂಗಳು ಅಲ್ಲಿಗೆ ಬರುತ್ತೇನೆ. ಅಷ್ಟರಲ್ಲಿ ನಿಮ್ಮ ಮೇಣದ ಪಾತ್ರೆಯ ಬಾಯಿ ಎಷ್ಟು ಅಗಲ ಇದೆ ಅಂತ ಸ್ಕೇಲಿನಲ್ಲಿ ಅಳೆದು ನನಗೆ ಮೆಸೇಜ್ ಹಾಕು. ಇಲ್ಲಿ ದಾವಣಗೆರೆಯಲ್ಲಿ ಪಾತ್ರೆ ಅಂಗಡಿಯವನು ಪರಿಚಯ, ಹಿಡಿ ಇರುವ ದಪ್ಪ ಮುಚ್ಚಳ ಒಂದು ತರುತ್ತೇನೆ.

ನಿನ್ನ,
ದೊಡ್ಡಪ್ಪ