ಇನ್ನೂರನೇ ಸಂದರ್ಶನ ಮತ್ತು ನಮ್ಮ ಅಕ್ಕ

ನಿನ್ನೆ ರಾತ್ರಿ ನಮ್ಮ ರೇಡಿಯೋ ಕಾರ್ಯಕ್ರಮದ 200ನೇ ಸಂದರ್ಶನ ಪ್ರಸಾರವಾಯಿತು. ಪ್ರಶ್ನೆ ಕೇಳಿದ್ದು ನಾನೇ. ಹೋದ ವರ್ಷ ಇದೇ ಹೊತ್ತಿಗೆ ಯಾರಾದರೂ ಹೀಗಾಗುತ್ತದೆ ಅಂದಿದ್ದರೆ ನಂಬುತ್ತಿರಲಿಲ್ಲ. ಗಂಟಲಿನ ಆಪರೇಷನ್ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಮಾತ್ರ ಹೇಳಬೇಕು.

ಮೊದಲು ಅಕ್ಕನಿಗೆ. ಒಡಹುಟ್ಟಿದವರಲ್ಲ, ನಮ್ಮ ಕಾರ್ಯಕ್ರಮವನ್ನು ಎಡಿಟ್ ಮಾಡುವವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುತ್ತಿಲ್ಲ.

ಆಪರೇಷನ್ ಆದ ಮೊದಲ ವಾರ. ಮಾತಾಡಬಾರದು, ಪಿಸುಗುಟ್ಟಲೂಬಾರದು. ಒಂದು ರಾತ್ರಿ ತುಂಬಾ ಕುಸಿದುಹೋಗಿದ್ದೆ. ಅಕ್ಕ ಬಂದು ಪಕ್ಕದಲ್ಲಿ ಕೂತರು. ನಾನು ಚೀಟಿಯಲ್ಲಿ 'ಕಾರ್ಯಕ್ರಮ ಬೇರೆಯವರಿಗೆ ಕೊಟ್ಟುಬಿಡಿ' ಅಂತ ಬರೆದೆ. ಅವರು ಸಮಾಧಾನದ ಮಾತು ಆಡಲಿಲ್ಲ. ಲ್ಯಾಪ್‌ಟಾಪ್ ತೆಗೆದರು, ಹೆಡ್‌ಫೋನ್ ಕೊಟ್ಟರು, "ಕೇಳು" ಅಂದರು.

ಅದು ಕತ್ತರಿ ಹಾಕದ ಹಳೆಯ ರೆಕಾರ್ಡಿಂಗ್. ಜೈಲಿನಿಂದ ಹೊರಗೆ ಬಂದಿದ್ದ ಒಬ್ಬ ಹೋರಾಟಗಾರ್ತಿಯ ಸಂದರ್ಶನ. 'ಒಳಗಿದ್ದಾಗ ಯಾರು ಜಾಸ್ತಿ ನೆನಪಾಗುತ್ತಿದ್ದರು?' ಅಂತ ನಾನು ಕೇಳಿದ್ದೇನೆ. ಅವರು ಸುಮ್ಮನಾಗುತ್ತಾರೆ. ನಾಲ್ಕು ಸೆಕೆಂಡು. ಆಮೇಲೆ ಉಸಿರು ಎಳೆದುಕೊಂಡು "ನಮ್ಮ..." ಅಂತ ಶುರು ಮಾಡುತ್ತಾರೆ, ಅಷ್ಟರಲ್ಲಿ ನಾನು ಕಾನೂನಿನ ಬಗ್ಗೆ ಮುಂದಿನ ಪ್ರಶ್ನೆ ಎಸೆದುಬಿಟ್ಟಿದ್ದೇನೆ. ಆ 'ನಮ್ಮ' ಅಲ್ಲೇ ಮುಳುಗಿಹೋಗಿದೆ. ಪ್ರಸಾರದಲ್ಲಿ ಅದು ಗೊತ್ತಾಗದ ಹಾಗೆ ಅಕ್ಕನೇ ನಾಜೂಕಾಗಿ ಕತ್ತರಿಸಿದ್ದರಂತೆ. ಹೀಗೆ ಇನ್ನೂ ಎಷ್ಟೋ ಇದ್ದವು. ಬರಹಗಾರರು, ಕಲಾವಿದರು, ಎಲ್ಲರದೂ. ನಾನು ಅತ್ತೆ. ಅಳುವುದಕ್ಕೂ ದನಿ ಬೇಕು ಅಂತ ಅವತ್ತೇ ತಿಳಿದಿದ್ದು.

"ಗಂಟಲು ಕೆಟ್ಟಿದೆ, ಕಿವಿ ಚೆನ್ನಾಗಿದೆಯಲ್ಲ," ಅಂದರು ಅಕ್ಕ. ಆಮೇಲೆ ಸ್ಟಡ್ಸ್ ಟರ್ಕೆಲ್ ಅವರ ಒಂದು ಸಂದರ್ಶನ ಹಾಕಿದರು. ಷಿಕಾಗೋದ ಡಬ್ಲ್ಯೂಎಫ್‌ಎಂಟಿ ರೇಡಿಯೋದಲ್ಲಿ 1952ರಿಂದ 1997ರವರೆಗೆ, 45 ವರ್ಷ ಜನರನ್ನು ಮಾತಾಡಿಸಿದ ಮನುಷ್ಯ. ಬರಹಗಾರರು, ಹಾಡುಗಾರರು, ಹೋರಾಟಗಾರರು, ಎಲ್ಲರನ್ನೂ. ಅವರ ಪ್ರಶ್ನೆಗಳನ್ನಲ್ಲ, ಪ್ರಶ್ನೆ ಆದ ಮೇಲಿನ ಜಾಗವನ್ನು ಕೇಳಿಸಿಕೋ ಅಂದರು.

ಕೊನೆಗೆ ಇನ್ನೊಂದು ಹಾಕಿದರು. ಪ್ರತಿ ರೆಕಾರ್ಡಿಂಗ್ ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಕೂರುತ್ತೇವೆ, ಕೋಣೆಯ ಖಾಲಿ ಸದ್ದು ಹಿಡಿಯುವುದಕ್ಕೆ. ಎಡಿಟ್ ಮಾಡುವಾಗ ಮಾತು ಕತ್ತರಿಸಿದ ಕಡೆ ಅದನ್ನು ತುಂಬಬೇಕು, ಇಲ್ಲದಿದ್ದರೆ ಕಿವಿಗೆ ಗುಂಡಿ ಬಿದ್ದ ಹಾಗಾಗುತ್ತದೆ. ಅಕ್ಕ ಅವನ್ನೆಲ್ಲ ಇಟ್ಟುಕೊಂಡಿದ್ದರು. ಒಂದರಲ್ಲಿ ಫ್ಯಾನ್ ತಿರುಗುತ್ತಿದೆ, ಒಂದರಲ್ಲಿ ವಯಸ್ಸಾದ ಚಿತ್ರಕಾರರೊಬ್ಬರ ಉಸಿರು, ಒಂದರಲ್ಲಿ ದೂರದ ಮಳೆ. ಬೆಳಗಾಗುವವರೆಗೂ ಇಬ್ಬರೂ ಅದನ್ನೇ ಕೇಳುತ್ತಾ ಕೂತಿದ್ದೆವು. ಆ ರಾತ್ರಿ ಅವರು ಎದ್ದು ಹೋಗಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಕಾರ್ಯಕ್ರಮದಲ್ಲಿ ಅಂತ ಅಲ್ಲ. ಇಷ್ಟು ಹೇಳಿದರೆ ಸಾಕು.

ನಾನಿಲ್ಲದಾಗ ಮೈಕ್ ಹಿಡಿದ ಗೆಳೆಯರಿಗೆ, ತಿಂಗಳುಗಟ್ಟಲೆ ಕಾದ ಅತಿಥಿಗಳಿಗೆ, ನುಂಗಲಾಗದ ದಿನಗಳಲ್ಲಿ ಮನೆ ನಡೆಸಿದವರಿಗೆ ಥ್ಯಾಂಕ್ಸ್. ದುಡ್ಡು ಕಳಿಸುವುದನ್ನು ನಿಲ್ಲಿಸದ ಕೇಳುಗರಿಗೂ. 1949ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ ರೇಡಿಯೋ ಕೇಂದ್ರ ಕೆಪಿಎಫ್‌ಎ, ಮರುವರ್ಷವೇ ದುಡ್ಡಿಲ್ಲದೆ ನಿಂತುಹೋಗಿ, 1951ರಲ್ಲಿ ಕೇಳುಗರ ಬಲದಿಂದಲೇ ಮತ್ತೆ ಎದ್ದಿತು. ಆ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅದರ ಅರ್ಥ ಈ ವರ್ಷ ಮೈಗೆ ತಾಗಿತು.

200ನೇ ಸಂದರ್ಶನಕ್ಕೆ ಅದೇ ಹೋರಾಟಗಾರ್ತಿಯನ್ನು ಕರೆದೆ. ಹಳೆಯದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಬಂದರು, ದೊಡ್ಡ ಮನಸ್ಸು. ಮತ್ತೆ ಅದೇ ಪ್ರಶ್ನೆ ಕೇಳಿದೆ. ಅವರು ಸುಮ್ಮನಾದರು. ಕೈ ನಡುಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಹನ್ನೊಂದು ಸೆಕೆಂಡು. ರೇಡಿಯೋದಲ್ಲಿ ಅದು ತುಂಬಾ ದೀರ್ಘ, ಅಲ್ವಾ? ಸದ್ದು ನಿಂತರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಹೊಡೆಯುತ್ತದೆ. ಅಕ್ಕ ಒಂದು ಸೆಕೆಂಡನ್ನೂ ಕತ್ತರಿಸಲಿಲ್ಲ. ಪ್ರಸಾರಕ್ಕೆ ಮೊದಲೇ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಅಲ್ಲಿ ಸುಮ್ನಿದ್ದರೆ ಗಾಬರಿಯಾಗಬೇಡಿ, ಅವರು ಅಮ್ಮನ ಬಗ್ಗೆ ಹೇಳುವವರಿದ್ದಾರೆ ಅಂದಿದ್ದರಂತೆ.