ದಂಡದ ನೋಟಿಸ್ ಮನೆಗೆ ಬರುತ್ತೆ, ರೀಕಾಲ್ ಸುದ್ದಿ ಯಾಕೆ ಬರಲ್ಲ? ಮಂಡ್ಯ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಹೆಚ್.ಡಿ. ಕುಮಾರಸ್ವಾಮಿಯವರಿಗೆ ನಮಸ್ಕಾರ.

ನೀವು ನಮ್ಮ ಮಂಡ್ಯದ ಸಂಸದರು, ಜೊತೆಗೆ ಕೇಂದ್ರದ ಬೃಹತ್ ಕೈಗಾರಿಕೆ ಸಚಿವರು. ವಾಹನ ತಯಾರಿಕೆ ನಿಮ್ಮ ಖಾತೆಗೇ ಬರುತ್ತದೆ. ಅದಕ್ಕೇ ಈ ಮಾತನ್ನು ರಸ್ತೆ ಸಾರಿಗೆ ಸಚಿವ ಗಡ್ಕರಿಯವರಿಗಿಂತ ಮೊದಲು ನಿಮಗೆ ಹೇಳೋಣ ಅನ್ನಿಸಿತು. ರೀಕಾಲ್ ಅಂದರೆ ದೋಷ ಇರುವ ಗಾಡಿಗಳನ್ನು ಕಂಪನಿ ವಾಪಸ್ ಕರೆಸಿ ಸರಿಮಾಡಿಕೊಡುವುದು.

2025ರ ನವೆಂಬರ್‌ನಲ್ಲಿ ಮಾರುತಿ ಸುಜುಕಿ 39,506 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ವಾಪಸ್ ಕರೆಸಿತು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಅಂತ ಮೀಟರ್ ಸರಿಯಾಗಿ ತೋರಿಸದೇ ಇರಬಹುದು, ಎಚ್ಚರಿಕೆ ದೀಪವೂ ಕೈಕೊಡಬಹುದು ಅನ್ನುವುದು ಕಾರಣ. ಅದೇ ತಿಂಗಳು ಟೊಯೋಟಾ ಕೂಡ ಇದೇ ತೊಂದರೆಗೆ 11,529 ಹೈರೈಡರ್ ಕಾರುಗಳನ್ನು ಕರೆಸಿತು. ಕಂಪನಿಗಳು ತಾವಾಗಿಯೇ ಒಪ್ಪಿಕೊಂಡು ಬಿಟ್ಟಿ ಸರಿಮಾಡಿಕೊಡುವುದು ಒಳ್ಳೆಯದೇ. ನನ್ನ ತಕರಾರು ಅದಲ್ಲ. ಆ ಸುದ್ದಿ ಯಾರಿಗೆ ಮುಟ್ಟುತ್ತೆ ಅನ್ನೋದು.

ಶೋರೂಮಿನಲ್ಲಿ ಹೊಸದಾಗಿ ಕೊಂಡವರಿಗೆ ಫೋನ್ ಹೋಗುತ್ತದೆ. ನಮ್ಮ ಕಡೆ ಗಾಡಿ ಒಬ್ಬರ ಕೈಯಲ್ಲೇ ಎಲ್ಲಿರುತ್ತೆ? ಬೆಂಗಳೂರಲ್ಲಿ ಓಡಿದ ಕಾರು ಬ್ರೋಕರ್ ಮೂಲಕ ಮದ್ದೂರಿಗೆ ಬರುತ್ತೆ, ಅಲ್ಲಿಂದ ಮಳವಳ್ಳಿಗೆ ಹೋಗುತ್ತೆ. ಶೋರೂಮ್ ಸರ್ವೀಸ್ ದುಬಾರಿ ಅಂತ ಊರಿನ ಗ್ಯಾರೇಜಿಗೇ ಬಿಡುವುದು. ಕಂಪನಿಯ ಹತ್ತಿರ ಮಾತ್ರ ಹಳೇ ಮಾಲೀಕನ ನಂಬರೇ ಉಳಿದಿರುತ್ತೆ.

ನಮ್ಮ ಬೀದಿಯಲ್ಲಿ ಟ್ಯಾಕ್ಸಿ ಓಡಿಸುವ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಕಾರು ಇಟ್ಟಿದ್ದಾನೆ. ಸ್ಪೀಡಿನ ಮುಳ್ಳು ಆಗಾಗ ಸೊನ್ನೆಗೆ ಬಿದ್ದುಬಿಡುತ್ತದೆ. ಮೀಟರ್ ಪಕ್ಕ ಅಂಗೈಯಲ್ಲಿ ಒಂದು ಏಟು ಕೊಟ್ಟರೆ ನಡುಗುತ್ತಾ ಮೇಲೆ ಏಳುತ್ತದೆ. “ಅಭ್ಯಾಸ ಆಗೋಗದೆ ಬುಡಣ್ಣ” ಅಂತ ನಗ್ತಾನೆ. ಏಟು ಕೊಡುವ ಹೊತ್ತಿನಲ್ಲಿ ಅವನ ಕಣ್ಣು ರಸ್ತೆ ಮೇಲಿರುವುದಿಲ್ಲ. ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ರಾತ್ರಿ ಹೊತ್ತು ನಿಲ್ಲುವ ರಸ್ತೆಗಳು ನಮ್ಮವು, ನಿಮಗೆ ಗೊತ್ತಿರೋದೇ. ಆ ಗಾಡಿಗೆ ರೀಕಾಲ್ ಇದೆಯಾ ಅಂತ ಕೇಳಿದೆ. ಹಾಗಂದ್ರೇನು ಅಂತ ನನ್ನನ್ನೇ ಕೇಳಿದ.

ಬೆಂಗಳೂರು-ಮೈಸೂರು ದಶಪಥದಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಮುಳ್ಳು ಕೆಟ್ಟಿತ್ತು ಸ್ವಾಮಿ ಅಂದರೆ ಕ್ಯಾಮೆರಾ ಕೇಳಲ್ಲ. ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರಿಸಿದರೂ ಪರವಾಗಿಲ್ಲ, ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಕೂಡದು ಅಂತ ವಿಶ್ವಸಂಸ್ಥೆಯ 39ನೇ ವಾಹನ ನಿಯಮವೇ ಹೇಳುತ್ತದೆ. ಇಲ್ಲಿ ದಂಡ ಹಾಕುವಾಗ ನಂಬರ್ ಪ್ಲೇಟ್ ನೋಡಿ ಈಗಿನ ಮಾಲೀಕನನ್ನು ಹುಡುಕುತ್ತಾರೆ, ಫೋನಿಗೆ ಮೆಸೇಜೂ ಬರುತ್ತೆ. ಅದೇ ಮಾಲೀಕ ರೀಕಾಲ್‌ಗೆ ಯಾಕೆ ಸಿಗಲ್ಲ?

ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ರೀಕಾಲ್ ಬಗ್ಗೆ 110ಎ ಕಲಂ ಸೇರಿಸಿದರು, 2021ರ ಏಪ್ರಿಲ್‌ನಿಂದ ನಿಯಮವೂ ಜಾರಿಯಲ್ಲಿದೆ. ಏಳು ವರ್ಷದೊಳಗಿನ ಗಾಡಿಯಾದರೆ ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಸರ್ಕಾರವೇ ಕಡ್ಡಾಯವಾಗಿ ವಾಪಸ್ ಕರೆಸಿದರೆ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಆದರೆ ವರ್ಷಕ್ಕೆ 10,000ಕ್ಕಿಂತ ಜಾಸ್ತಿ ಮಾರಾಟವಾಗುವ ಕಾರಾದರೆ ಹಾಗೆ ಕರೆಸೋಕೆ 1,250 ದೂರು ಬೀಳಬೇಕು. ಪೆಟ್ರೋಲ್ ಮುಳ್ಳು ಆಡ್ತಿಲ್ಲ ಅಂತ ಪೋರ್ಟಲ್ ಹುಡುಕಿಕೊಂಡು ಹೋಗೋರು ಎಷ್ಟು ಜನ ಸಿಗ್ತಾರೆ ಹೇಳಿ. ಪರೀಕ್ಷಾ ಸಂಸ್ಥೆ ದೋಷ ತಿಳಿಸಿದರೂ ಕರೆಸಬಹುದು ಅಂತ ಅದೇ 110ಎ ಹೇಳುತ್ತದೆ. ವಾಹನಗಳನ್ನು ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐ ನಿಮ್ಮ ಇಲಾಖೆಗೆ ಸೇರಿದ ಸಂಸ್ಥೆ ಅಲ್ವಾ? ದೂರಿನ ಲೆಕ್ಕ ಭರ್ತಿಯಾಗಲಿ ಅಂತ ಕಾಯದೆ, ಮೀಟರ್ ದೋಷಗಳನ್ನು ಅವರೇ ಕೈಗೆತ್ತಿಕೊಳ್ಳಲಿ.

ಇನ್ನೊಂದು ಕೆಲಸಕ್ಕೆ ಗಡ್ಕರಿಯವರ ಇಲಾಖೆ ಬೇಕು, ನೀವೇ ಕೂತು ಮಾತಾಡಬೇಕು. ಗಾಡಿ ಹೆಸರು ಬದಲಾಯಿಸಲು ಆರ್‌ಟಿಒಗೆ ಹೋದಾಗ ಚಾಸಿ ನಂಬರ್ ಹಾಕಿದ ಕೂಡಲೇ ಬಾಕಿ ಇರುವ ರೀಕಾಲ್ ಕಾಣಿಸಬೇಕು. ಎಮಿಷನ್ ಟೆಸ್ಟ್ ಚೀಟಿಯಲ್ಲೂ ಕನ್ನಡದಲ್ಲಿ ಒಂದು ಸಾಲು ಬರಲಿ. ಗಾಡಿ ಎಷ್ಟು ಕೈ ಬದಲಾಯಿಸಿದರೂ ಚಾಸಿ ನಂಬರ್ ಬದಲಾಗಲ್ಲ.

ಮುಂದಿನ ಸಲ ಮಂಡ್ಯಕ್ಕೆ ಬಂದಾಗ ನಮ್ಮ ಆರ್‌ಟಿಒ ಅವರನ್ನು ಒಂದು ಮಾತು ಕೇಳಿ: ಕೆಎ-11 ಗಾಡಿಗಳಲ್ಲಿ ರೀಕಾಲ್ ಬಾಕಿ ಇರುವುದು ಎಷ್ಟು? ಅವರ ಹತ್ತಿರ ಪಟ್ಟಿ ಇಲ್ಲದಿದ್ದರೆ ಬೈಯಬೇಡಿ, ಕಂಪನಿಗಳಿಂದ ತರಿಸಿಕೊಡಿ.

ಇಂತಿ,
ಮಂಡ್ಯದ ಒಬ್ಬ ಮತದಾರ