ವ್ಯಾಯಾಮಕ್ಕೂ ಪ್ರಮಾಣ ಬರೆದುಕೊಡಿ

ಮಾನ್ಯರೇ,

ಲಕ್ವ ಹೊಡೆದೋ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿಯೋ ಬೆಂಗಳೂರಿನ ಆಸ್ಪತ್ರೆ ಸೇರಿ, ಮತ್ತೆ ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಿಗೆ ಮರಳುವವರ ಡಿಸ್‌ಚಾರ್ಜ್ ಚೀಟಿಯ ಕೊನೆಯಲ್ಲಿ ಬಹುಪಾಲು ಒಂದೇ ಸಾಲು ಇರುತ್ತದೆ: ‘ಫಿಸಿಯೋಥೆರಪಿ ಮಾಡಿಸಿ’. ಮಾತ್ರೆಗಾದರೆ ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು ಸಲ, ಊಟಕ್ಕೆ ಮೊದಲೋ ಆಮೇಲೋ ಎಲ್ಲವೂ ಬರೆದಿರುತ್ತದೆ. ವ್ಯಾಯಾಮಕ್ಕೆ ಆ ಲೆಕ್ಕವೇ ಇಲ್ಲ.

ಸತ್ತ ನರಕೋಶ ಮರಳಿ ಬರುವುದಿಲ್ಲ. ಉಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಅದರ ಕೆಲಸವನ್ನು ಒಂದಷ್ಟು ಹೊರುತ್ತವೆ. ನ್ಯೂರೋಪ್ಲಾಸ್ಟಿಸಿಟಿ ಎಂದು ಕರೆಯುವುದು ಇದನ್ನೇ. ಇದಕ್ಕೆ ರೋಗಿ ತಾನಾಗಿ ಪ್ರಯತ್ನಿಸಬೇಕು, ಅದೂ ನೂರಾರು ಸಲ. ಬೇರೆಯವರು ಕೈಕಾಲು ಮಡಚಿ ಬಿಡಿಸಿದರೆ ಕೀಲು ಬಿಗಿಯುವುದು ತಪ್ಪೀತು, ಅದಕ್ಕಿಂತ ಹೆಚ್ಚಿನದೇನೂ ನಡೆಯದು. ಲಕ್ವಕ್ಕೆ ಮದ್ದೆಂದು ಪಾರಿವಾಳದ ರಕ್ತ ಸವರಿಸಲು ಊರೂರು ಅಲೆದರೆ ಚೇತರಿಕೆ ಚುರುಕಾಗಿರುವ ಮೊದಲ ವಾರಗಳೇ ಕೈತಪ್ಪುತ್ತವೆ.

ಅಮೆರಿಕ, ಕೆನಡಾದ ಪುನಶ್ಚೇತನ ಕೇಂದ್ರಗಳಲ್ಲಿ ಲಕ್ವ ಹೊಡೆದವರ ಚಲನೆಗಳನ್ನು ಎಣಿಸಿ ನೋಡಿದ 2009ರ ಅಧ್ಯಯನದಲ್ಲಿ, ಒಂದು ಸರದಿಯಲ್ಲಿ ಕೈಯಿಂದ ಮಾಡಿಸಿದ ಉಪಯುಕ್ತ ಚಲನೆ ಸರಾಸರಿ 32 ಮಾತ್ರ. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡ ಪ್ರಯೋಗಗಳಲ್ಲಿ ಅದು ದಿನಕ್ಕೆ 400ರಿಂದ 600. ಆ ದೇಶಗಳಲ್ಲೇ ಹೀಗಾದರೆ, ವಾರಕ್ಕೆರಡು ದಿನ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬರುವವರ ಲೆಕ್ಕ ಎಷ್ಟಾದೀತು? ಎಣಿಕೆ ತುಂಬಬೇಕಾದದ್ದು ಮನೆಯಲ್ಲೇ.

ಮನೆಗಳಲ್ಲಿ ನಡೆಯುತ್ತಿರುವುದಾದರೂ ಏನು? ಕೈಗೊಂದು ಸ್ಪಂಜಿನ ಚೆಂಡು ಕೊಟ್ಟು ‘ಅದುಮು’ ಎನ್ನುತ್ತಾರೆ. ಲಕ್ವ ಬಡಿದ ಕೈಗೆ ಬಹಳ ಸಲ ಮುಷ್ಟಿ ಬಿಗಿಯುವುದು ತಾನಾಗಿಯೇ ಬರುತ್ತದೆ, ಬಾರದಿರುವುದು ಬೆರಳು ಬಿಚ್ಚುವುದು. ಚೆಂಡು ಅದುಮಿಸಿದಷ್ಟೂ ಬೇಡದ ಚಲನೆಯೇ ರೂಢಿಯಾಗುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇದೆ: ಅವರೆಕಾಳು. ಒಂದು ಬಟ್ಟಲಿಂದ ಕಾಳೊಂದನ್ನು ಎತ್ತಿ, ಬೆರಳು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಬಿಡುವುದು. 50 ಕಾಳಿಗೆ ಒಂದು ಸುತ್ತು, ನಡುವೆ ವಿಶ್ರಾಂತಿ ಕೊಟ್ಟು ದಿನಕ್ಕೆ 6 ಸುತ್ತು, ಅಲ್ಲಿಗೆ 300 ಆಯಿತು. ಹತ್ತರಲ್ಲಿ ಎಂಟು ಸಲೀಸಾದರೆ ಬಟ್ಟಲನ್ನು ದೂರ ಇಡಿ, ಇಲ್ಲವೇ ಎತ್ತರಿಸಿ. ಕೊನೆಗೆ ನೆನೆಸಿದ ಕಾಳು ಹಿದುಕುವುದು. ಬೆರಳು ಅಲುಗದವರಿಗೆ ಇದಾಗದು. ಅವರಿಗೆ ಕನ್ನಡಿ ಇದೆ: ಎರಡು ಕೈಗಳ ನಡುವೆ ನೆಟ್ಟಗೆ ನಿಲ್ಲಿಸಿ, ಸೋತ ಕೈ ಹಿಂದೆ ಮರೆಯಾಗಿರಲಿ, ಸರಿಯಿರುವ ಕೈಯ ಬಿಂಬ ನೋಡುತ್ತಾ ಎರಡರಿಂದಲೂ ಒಟ್ಟಿಗೆ ಪ್ರಯತ್ನಿಸಬೇಕು. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ, ನಾಲ್ಕು ವಾರ. ಬಳೆ, ಉಂಗುರ, ವಾಚು ಬಿಚ್ಚಿಡದಿದ್ದರೆ ಬಿಂಬ ತನ್ನದೇ ಸೋತ ಕೈಯೆಂದು ಅನಿಸುವುದಿಲ್ಲ. ಇನ್ನು ಎಬ್ಬಿಸಿ ಕೂರಿಸುವಾಗ ಸೋತ ತೋಳು ಹಿಡಿದು ಎಳೆಯಲೇಬೇಡಿ. ಸಡಿಲಗೊಂಡ ಭುಜ ಜಾರಿ ನೋವು ಕಚ್ಚಿಕೊಂಡರೆ ವ್ಯಾಯಾಮ ಅಲ್ಲಿಗೇ ನಿಲ್ಲುತ್ತದೆ.

‘ಆರು ತಿಂಗಳಾಯಿತು, ಇನ್ನೇನೂ ಆಗದು’ ಎಂಬ ಮಾತು ಆಸ್ಪತ್ರೆಯಿಂದಲೇ ಹೊರಡುವುದು ಬೇಸರದ ಸಂಗತಿ. ವೇಗ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲಿ, ನಿಜ. ಆದರೆ 2006ರಲ್ಲಿ ಪ್ರಕಟವಾದ ಎಕ್ಸೈಟ್ ಪ್ರಯೋಗಕ್ಕೆ ಸೇರಿದವರು ಲಕ್ವ ಹೊಡೆದು 3ರಿಂದ 9 ತಿಂಗಳಾದವರು. ಎಚ್ಚರವಿರುವ ಹೊತ್ತಿನ ಹೆಚ್ಚಿನ ಪಾಲು ಅವರ ಸರಿಯಿರುವ ಕೈಗೆ ಗವಸು ತೊಡಿಸಿ, ಸೋತ ಕೈಯಿಂದ ದಿನಕ್ಕೆ 6 ಗಂಟೆಯವರೆಗೆ ಎರಡು ವಾರ ಕೆಲಸ ಮಾಡಿಸಿದರು. ಕೈ ಸುಧಾರಿಸಿತು, ಆ ಸುಧಾರಣೆ ವರ್ಷದವರೆಗೂ ಉಳಿಯಿತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲೇಳುವವರಿಗೆ ಮಾತ್ರ ಇದು ಹೊಂದುತ್ತದೆ. ನಡೆಯುವಾಗ, ಬಚ್ಚಲಿಗೆ ಹೋಗುವಾಗ ಗವಸು ತೆಗೆಯಬೇಕು, ಬಿದ್ದರೆ ಆತುಕೊಳ್ಳಲು ಕೈ ಬೇಕಲ್ಲ.

ಮಾತು ಹೋದವರ ವಿಷಯದಲ್ಲಿ ನಮ್ಮ ಗಡಿ ಜಿಲ್ಲೆಗಳದ್ದೊಂದು ತೊಡಕಿದೆ. ಬಾಗೇಪಲ್ಲಿ, ಮುಳಬಾಗಿಲು ಕಡೆ ಎಷ್ಟೋ ಮನೆಗಳ ಮಾತು ತೆಲುಗು, ಮಾತಿನ ತರಬೇತಿಯ ಚಿತ್ರಪಟ ಮಾತ್ರ ಕನ್ನಡದ್ದೋ ಇಂಗ್ಲಿಷಿನದ್ದೋ. ಮನೆಯ ಮಾತಿನಲ್ಲೇ ಶುರುಮಾಡಬೇಕು.

ಮನಸ್ಸಿನ ಕಡೆಗೂ ಗಮನ ಬೇಕು. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ. ಖಿನ್ನತೆ ಇದ್ದವರಿಗೆ 300 ಅಲ್ಲ, 30 ಸಲ ಮಾಡುವ ಮನಸ್ಸೂ ಇರದು. ಖಿನ್ನತೆಗೆ ಕೊಡುವ ಫ್ಲುಯೋಕ್ಸೆಟಿನ್ ಮಾತ್ರೆ ನುಂಗಿದರೆ ಕೈ ಬೇಗ ಬರುತ್ತದೆ ಎಂಬ ಆಸೆ 2018, 2020ರ ದೊಡ್ಡ ಪ್ರಯೋಗಗಳಲ್ಲಿ ಸುಳ್ಳಾಯಿತು. ಖಿನ್ನತೆಗೆಂದು ವೈದ್ಯರು ಕೊಟ್ಟಿದ್ದರೆ ಬೇರೆ ಮಾತು, ತಾವಾಗಿ ನಿಲ್ಲಿಸಬಾರದು. ತಲೆಗೆ ಪೆಟ್ಟಾದ ಹುಡುಗರ ಸಿಟ್ಟು, ಮರೆವು ಬಹಳ ಸಲ ಗಾಯದ್ದೇ ಫಲ. ಟಿವಿ ಆರಿಸಿ ಒಂದು ಸಲಕ್ಕೆ ಒಂದೇ ಮಾತು ಹೇಳಿ, ದಿನಚರಿಯನ್ನು ಗೋಡೆಗೆ ಬರೆದು ಹಚ್ಚಿ. ಮದ್ಯ ಬೇಡವೇ ಬೇಡ, ಫಿಟ್ಸ್ ಬರುವ ಅಪಾಯ ಹೆಚ್ಚುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಮಿದುಳು ಆರೋಗ್ಯ ಯೋಜನೆ ಆರಂಭಿಸಿದಾಗ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಪ್ರಾಯೋಗಿಕ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಆ ಯೋಜನೆಯ ಕ್ಲಿನಿಕ್‌ಗಳಿಂದಲೇ ಶುರುವಾಗಲಿ: ಪ್ರತಿ ರೋಗಿಗೂ ಕನ್ನಡದಲ್ಲಿ, ಬೇಕಿದ್ದವರಿಗೆ ತೆಲುಗಿನಲ್ಲಿ, ಒಂದು ಹಾಳೆ. ಯಾವ ಚಲನೆ, ದಿನಕ್ಕೆಷ್ಟು ಸಲ, ಯಾವಾಗ ಕಷ್ಟ ಹೆಚ್ಚಿಸಬೇಕು, ಯಾವಾಗ ನಿಲ್ಲಿಸಬೇಕು, ಮಾಡಿದ್ದನ್ನು ಗುರುತಿಸಲು ಖಾಲಿ ಚೌಕಗಳು. ಮನಸ್ಸಿನ ಸ್ಥಿತಿಗೂ ಎರಡು ಪ್ರಶ್ನೆ ಇರಲಿ. ಆಶಾ ಕಾರ್ಯಕರ್ತೆ ಹದಿನೈದು ದಿನಕ್ಕೊಮ್ಮೆ ಆ ಹಾಳೆ ನೋಡಲಿ, ಮರುಭೇಟಿಯಲ್ಲಿ ವೈದ್ಯರು ಮಾತ್ರೆಯ ಚೀಟಿಗಿಂತ ಮೊದಲು ಅದನ್ನು ಕೇಳಲಿ.

– ಒಬ್ಬ ಫಿಸಿಯೋಥೆರಪಿಸ್ಟ್, ಚಿಂತಾಮಣಿ